ಟ್ರ್ಯಾಕ್ ಟೈರ್ ಮೊದಲು ಸವೆಯುವುದು ಎಲ್ಲಿ, ಅದನ್ನು ಹೆಚ್ಚು ದಿನ ಬಾಳಿಸುವುದು ಹೇಗೆ

ಸ್ಪೋರ್ಟ್ಸ್ ಕಾರನ್ನು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಕೆಲವು ಬಾರಿ ರೇಸ್ ಟ್ರ್ಯಾಕಿನಲ್ಲಿ ಓಡಿಸಿ, ಆಮೇಲೆ ಮುಂದಿನ ಟೈರುಗಳನ್ನು ಬಿಚ್ಚಿ ನೋಡಿದರೆ ಅವು ಎಲ್ಲ ಕಡೆ ಒಂದೇ ಸಮನಾಗಿ ಸವೆದಿರುವುದು ಅಪರೂಪ. ಹೊರ ಅಂಚಿನ ಎರಡು ಬೆರಳಗಲದಷ್ಟು ಜಾಗ ಬೋಳಾಗಿ ರಬ್ಬರಿನ ಕೆಳಗಿನ ದಾರದ ಪದರವೇ ಇಣುಕುತ್ತಿರುತ್ತದೆ, ನಡುಭಾಗದಲ್ಲಿ ಅರ್ಧದಷ್ಟು ಟ್ರೆಡ್, ಅಂದರೆ ನೆಲ ಮುಟ್ಟುವ ಗೀರುಗಳ ರಬ್ಬರು, ಉಳಿದಿರುತ್ತದೆ, ಒಳ ಅಂಚಿಗಂತೂ ಏನೂ ಆಗಿರುವುದಿಲ್ಲ. ಹಾಗಿದ್ದರೂ ಆ ಟೈರನ್ನು ಎಸೆಯಲೇಬೇಕು, ಏಕೆಂದರೆ ಟೈರಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಅತಿ ಸವೆದ ಭಾಗವೇ ಹೊರತು ಸರಾಸರಿ ಸವೆತವಲ್ಲ. ಟ್ರ್ಯಾಕ್ ಟೈರನ್ನು ಹೆಚ್ಚು ದಿನ ಬಾಳಿಸುವ ವಿದ್ಯೆಯೆಲ್ಲ ಈ ಒಂದು ಸಂಗತಿಯ ಸುತ್ತ ನಿಂತಿದೆ: ಒಂದು ಅಂಚಿನ ಮೇಲೆ, ಒಂದು ಮೂಲೆಯ ಚಕ್ರದ ಮೇಲೆ ಬೀಳುವ ದುಡಿಮೆಯನ್ನು ಟೈರಿನ ಇಡೀ ಅಗಲಕ್ಕೆ ಮತ್ತು ನಾಲ್ಕೂ ಚಕ್ರಗಳಿಗೆ ಹಂಚುವುದು. ಕಡಿಮೆ ಸವೆಯುವ ಗಟ್ಟಿ ಟೈರು ಕೊಳ್ಳುವುದು ಆಮೇಲಿನ ಮಾತು.

ನಮ್ಮಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ, ವಿದೇಶಿ ಸೆಮಿ-ಸ್ಲಿಕ್ ಟೈರುಗಳು (ಟ್ರ್ಯಾಕಿಗೆಂದು ಮಾಡಿದ, ಕಡಿಮೆ ಗೀರುಗಳಿರುವ ಟೈರುಗಳು) ಬೇಕಾದ ಅಳತೆಯಲ್ಲಿ ಬೇಕಾದ ಹೊತ್ತಿಗೆ ಸಿಗುವುದು ಕಷ್ಟವಾಗಿದೆ. ಅದರ ಜೊತೆಗೆ ಬೆಂಗಳೂರಿನವರು ಟ್ರ್ಯಾಕಿಗೆ ಹೋಗಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ನೂರಾರು ಕಿಲೋಮೀಟರ್ ಹೆದ್ದಾರಿಯಲ್ಲಿ ಸಾಗಬೇಕು. ಎಷ್ಟೋ ಮಂದಿ ಟ್ರ್ಯಾಕಿನಲ್ಲಿ ಓಡಿಸುವ ಟೈರಿನಲ್ಲೇ ಈ ದೂರವನ್ನೂ ಕ್ರಮಿಸುತ್ತಾರೆ. ಟ್ರ್ಯಾಕಿಗೆ ಹೊಂದುವ ವ್ಯವಸ್ಥೆ ಹೆದ್ದಾರಿಗೆ ಹೊಂದುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು.

ಮೊದಲು ಸವೆತ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ತಿರುವಿನಲ್ಲಿ ಟೈರು ತಾನು ಮುಖ ಮಾಡಿದ ದಿಕ್ಕಿಗೇ ನೇರವಾಗಿ ಉರುಳುವುದಿಲ್ಲ. ಚಕ್ರ ತೋರಿಸುವ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಕೆಲವು ಡಿಗ್ರಿಗಳ ವ್ಯತ್ಯಾಸವಿರುತ್ತದೆ, ಅದನ್ನು ಸ್ಲಿಪ್ ಆ್ಯಂಗಲ್ ಎನ್ನುತ್ತಾರೆ. ಈ ಕೋನ ಸೊನ್ನೆಯಾಗಿದ್ದರೆ ಟೈರು ಅಡ್ಡಬಲವನ್ನೇ ಕೊಡಲಾರದು, ಆದ್ದರಿಂದ ಸ್ವಲ್ಪ ಜಾರುವಿಕೆ ಹಿಡಿತದ ಭಾಗವೇ ಆಗಿದೆ. ಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತಾ ಹೋಗಿ ಒಂದು ತುದಿಯನ್ನು ಮುಟ್ಟುತ್ತದೆ. ರಸ್ತೆಯ ಬಳಕೆಗೂ ಸಲ್ಲುವ ಸ್ಪೋರ್ಟ್ಸ್ ಟೈರುಗಳಲ್ಲಿ ಆ ತುದಿ ಸುಮಾರು 6ರಿಂದ 10 ಡಿಗ್ರಿಯ ನಡುವೆ ಬರುತ್ತದೆ. ತುದಿಯ ಆಸುಪಾಸಿನಲ್ಲಿ ಹಿಡಿತದ ರೇಖೆ ಬಹುತೇಕ ಚಪ್ಪಟೆಯಾಗಿರುತ್ತದೆ, ಅಂದರೆ ಕೋನವನ್ನು ಇನ್ನೆರಡು ಮೂರು ಡಿಗ್ರಿ ಹೆಚ್ಚಿಸಿದರೂ ಕಾರು ಹೆಚ್ಚು ಬಿಗಿಯಾಗಿ ತಿರುಗುವುದಿಲ್ಲ. ಆದರೆ ರಬ್ಬರು ನೆಲದ ಮೇಲೆ ಉಜ್ಜುವ ವೇಗ ಮಾತ್ರ ಕೋನದ ಜೊತೆಗೇ ಏರುತ್ತದೆ.

ಲೆಕ್ಕ ಹಾಕಿದರೆ ಇದರ ಪ್ರಮಾಣ ಅರ್ಥವಾಗುತ್ತದೆ. ಸುಮಾರು 1500 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಟ್ಟಿಯಾಗಿ ಬಲಕ್ಕೆ ತಿರುಗುವಾಗ, ಮುಂದಿನ ಎಡ ಟೈರು ಸುಮಾರು 6000 ನ್ಯೂಟನ್ ಅಡ್ಡಬಲವನ್ನು ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಸ್ಲಿಪ್ ಆ್ಯಂಗಲ್ 6 ಡಿಗ್ರಿ ಇದ್ದಾಗ ಆ ಟೈರಿನಲ್ಲಿ ಶಾಖವಾಗಿ ಕರಗುವ ಶಕ್ತಿ ಸುಮಾರು 17 ಕಿಲೋವ್ಯಾಟ್, 9 ಡಿಗ್ರಿ ಇದ್ದಾಗ ಸುಮಾರು 26 ಕಿಲೋವ್ಯಾಟ್. ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ಅಂಥ ಎಂಟೊಂಬತ್ತು ಗೀಸರುಗಳ ಶಾಖವನ್ನು ಹದಿಮೂರಕ್ಕೆ ಏರಿಸಿದಂತಾಯಿತು, ತಿರುವಿನ ವೇಗ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ. ಈ ಹೆಚ್ಚುವರಿ ಶಾಖವೇ ರಬ್ಬರಿನ ಮೇಲ್ಮೈಯನ್ನು ಮೆತ್ತಗಾಗಿಸಿ, ಹರಿದು, ಉಂಡೆಗಳಾಗಿ ಟ್ರ್ಯಾಕಿನ ಬದಿಗೆ ಚೆಲ್ಲುತ್ತದೆ.

ಆದ್ದರಿಂದ ಟೈರನ್ನು ಉಳಿಸಬಲ್ಲ ಮೊದಲ ಸಾಧನ ಚಾಲಕನ ಕೈಗಳು. ಹೊಸಬರು ಮಾಡುವ ದುಬಾರಿ ಕೆಲಸವೆಂದರೆ, ತಿರುವಿಗೆ ತುಸು ಹೆಚ್ಚು ವೇಗದಲ್ಲಿ ನುಗ್ಗಿ, ಕಾರು ಮೂಗು ತಿರುಗಿಸದೆ ಹೊರಕ್ಕೆ ಜಾರತೊಡಗಿದಾಗ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುವುದು. ಮುಂದಿನ ಟೈರುಗಳು ಆಗಲೇ ತಮ್ಮ ಹಿಡಿತದ ತುದಿಯನ್ನು ದಾಟಿರುತ್ತವೆ. ಹೆಚ್ಚಿಗೆ ತಿರುಗಿಸಿದ ಪ್ರತಿಯೊಂದು ಡಿಗ್ರಿಯೂ ಹೊರ ಅಂಚನ್ನು ಅರದ ಮೇಲೆ ಉಜ್ಜುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇದರ ಉಲ್ಟಾ: ಸ್ಟೀರಿಂಗನ್ನು ಒಂದಿಷ್ಟು ಸಡಿಲಿಸಿ, ಆಕ್ಸಿಲರೇಟರನ್ನು ಮೆಲ್ಲನೆ ಬಿಟ್ಟು, ಮುಂದಿನ ಚಕ್ರಗಳ ಮೇಲೆ ಭಾರ ಬಂದು ಹಿಡಿತ ಮರಳುವವರೆಗೆ ತಾಳುವುದು. ನೇರ ರಸ್ತೆಯಲ್ಲೇ ಬ್ರೇಕಿನ ಬಹುಭಾಗವನ್ನು ಮುಗಿಸಿ, ತಿರುವಿಗೆ ಇಳಿಯುತ್ತಾ ಬ್ರೇಕನ್ನು ನಿಧಾನವಾಗಿ ಬಿಟ್ಟು, ಸ್ಟೀರಿಂಗ್ ನೇರವಾದಂತೆಲ್ಲ ಆಕ್ಸಿಲರೇಟರ್ ಒತ್ತುತ್ತಾ ಹೊರಬರುವವರ ಟೈರು ಹೆಚ್ಚು ಬಾಳುತ್ತದೆ, ಮತ್ತು ಸಾಮಾನ್ಯವಾಗಿ ಅವರ ಲ್ಯಾಪ್ ಸಮಯವೂ, ಅಂದರೆ ಟ್ರ್ಯಾಕನ್ನು ಒಂದು ಸುತ್ತು ಹಾಕುವ ಸಮಯವೂ, ಚೆನ್ನಾಗಿರುತ್ತದೆ. ಟೈರಿನ ದನಿಯೂ ಇಲ್ಲಿ ನೆರವಿಗೆ ಬರುತ್ತದೆ. ಹಿಡಿತದ ತುದಿಯ ಬಳಿ ರಸ್ತೆ ಟೈರು ಒಂದೇ ಮಟ್ಟದಲ್ಲಿ ಸಣ್ಣಗೆ ಗುನುಗುತ್ತದೆ, ಅದು ಕಿರುಚತೊಡಗಿದರೆ ತುದಿ ದಾಟಿದೆ ಎಂದರ್ಥ. ಸೆಮಿ-ಸ್ಲಿಕ್ ಟೈರುಗಳು ಇಷ್ಟು ಬಾಯಿಬಿಡುವುದಿಲ್ಲ, ಅವುಗಳಲ್ಲಿ ಸ್ಟೀರಿಂಗ್ ಹಗುರವಾಗುವುದನ್ನು ಕೈಯಿಂದಲೇ ಗುರುತಿಸಬೇಕು.

ಚಾಲನೆ ಎಷ್ಟೇ ಹದವಾಗಿದ್ದರೂ ಹೊರ ಅಂಚು ಮೊದಲು ಸವೆಯುವುದಕ್ಕೆ ಕಾರಿನ ರಚನೆಯಲ್ಲೇ ಕಾರಣವಿದೆ. ಮೇಲೆ ಹೇಳಿದ 1500 ಕಿಲೋ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದು, ಎಡ ಬಲ ಚಕ್ರಗಳ ನಡುವಿನ ಅಂತರ 1.55 ಮೀಟರ್ ಇದ್ದರೆ, ಗುರುತ್ವಾಕರ್ಷಣೆಯಷ್ಟೇ ಅಡ್ಡಬಲದ ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸುಮಾರು 480 ಕಿಲೋ ಭಾರ ವರ್ಗವಾಗುತ್ತದೆ. ನಿಂತಾಗ ತಲಾ 750 ಕಿಲೋ ಹೊರುತ್ತಿದ್ದ ಎರಡು ಬದಿಗಳಲ್ಲಿ ಈಗ ಹೊರಬದಿ 1230 ಕಿಲೋ ಹೊತ್ತರೆ ಒಳಬದಿಗೆ 270 ಮಾತ್ರ ಉಳಿಯುತ್ತದೆ. ಅದೇ ಹೊತ್ತಿಗೆ ಕಾರಿನ ದೇಹ ಹೊರಕ್ಕೆ ವಾಲುತ್ತದೆ, ಅದರೊಂದಿಗೆ ಚಕ್ರವೂ ಹೊರಕ್ಕೆ ವಾಲಿ ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಷನ್ (ಚಕ್ರವನ್ನು ಮೇಲಿನಿಂದ ಸ್ಟ್ರಟ್ ಎಂಬ ಒಂದೇ ಕಂಬ ಹಿಡಿದಿರುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಶ್‌ಬೋನ್ ವ್ಯವಸ್ಥೆಯಂತೆ ಅದು ದೇಹದ ವಾಲಿಕೆಯನ್ನು ಸರಿದೂಗಿಸಲಾರದು.

ಇದಕ್ಕೆ ಪರಿಹಾರ ನೆಗೆಟಿವ್ ಕ್ಯಾಂಬರ್. ಚಕ್ರದ ಮೇಲ್ತುದಿಯನ್ನು ಮೊದಲೇ ಒಳಕ್ಕೆ ವಾಲಿಸಿಟ್ಟರೆ, ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರು ನೆಲದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ರಸ್ತೆಯ ಬಳಕೆಗೆಂದು ಕಾರ್ಖಾನೆ ಇಟ್ಟುಕೊಡುವ ಮುಂಭಾಗದ ಕ್ಯಾಂಬರ್ ಬಹಳಷ್ಟು ಕಾರುಗಳಲ್ಲಿ ಒಂದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರು, ವಿಶೇಷವಾಗಿ ಸ್ಟ್ರಟ್ ಕಾರಿನವರು, ಎರಡೂವರೆಯಿಂದ ಮೂರೂವರೆ ಡಿಗ್ರಿಯವರೆಗೆ ಹೋಗುತ್ತಾರೆ. ಕ್ಯಾಂಬರ್ ಬೋಲ್ಟ್‌ಗಳಿಂದ ಒಂದೆರಡು ಡಿಗ್ರಿ ಸಿಗಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಸ್ಟ್ರಟ್ಟಿನ ಮೇಲ್ತುದಿಗೆ ಕ್ಯಾಂಬರ್ ಪ್ಲೇಟ್ ಹಾಕಿಸಬೇಕಾಗುತ್ತದೆ. ಟ್ರ್ಯಾಕಿಗೆಂದು ಹಣ ಖರ್ಚು ಮಾಡುವವರು ಮೊದಲು ಎಕ್ಸಾಸ್ಟ್‌ಗೋ ದೊಡ್ಡ ರಿಮ್ಮಿಗೋ ಸುರಿಯುವುದನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಒಂದು ಜೊತೆ ಕ್ಯಾಂಬರ್ ಪ್ಲೇಟ್ ಮತ್ತು ಬಲ್ಲವರ ಕೈಯಲ್ಲಿ ಮಾಡಿಸಿದ ಒಂದು ಅಲೈನ್‌ಮೆಂಟ್ ಉಳಿಸುವಷ್ಟು ರಬ್ಬರನ್ನು ಬೇರಾವ ಖರ್ಚೂ ಉಳಿಸದು.

ಟ್ರ್ಯಾಕಿನ ಸ್ವರೂಪವೂ ಲೆಕ್ಕಕ್ಕೆ ಬರುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 5.125 ಕಿಲೋಮೀಟರ್ ಉದ್ದದ್ದು, ಪ್ರದಕ್ಷಿಣವಾಗಿ ಸುತ್ತುವಂಥದ್ದು. ಅದರ ಹತ್ತನೆಯ ತಿರುವಿನಿಂದ ಆರಂಭವಾಗುವ ದೀರ್ಘ ಬಲ ಬಳಸಿನಲ್ಲಿ ಮುಂದಿನ ಎಡ ಟೈರು ಸೆಕೆಂಡುಗಟ್ಟಲೆ ಬಿಡುವಿಲ್ಲದೆ ಭಾರ ಹೊತ್ತಿರುತ್ತದೆ. 2013ರಲ್ಲಿ ಅಲ್ಲಿ ನಡೆದ ಫಾರ್ಮುಲಾ ಒನ್ ರೇಸಿನಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಮೃದು ಟೈರುಗಳಲ್ಲಿ ಹೊರಟು, ಎರಡೇ ಸುತ್ತು ಮುಗಿಸಿ ಪಿಟ್ಟಿಗೆ (ಟ್ರ್ಯಾಕಿನ ಬದಿಯಲ್ಲಿ ಟೈರು ಬದಲಿಸುವ ಜಾಗಕ್ಕೆ) ಬಂದು ಅವನ್ನು ಬದಲಿಸಿಕೊಂಡು, ಕೊನೆಗೆ ಗೆದ್ದರು. ಬೇಗ ಸೋಲುವ ಟೈರನ್ನು ಬೇಗ ಬಿಟ್ಟುಕೊಡುವುದೇ ಲಾಭವೆಂಬ ಲೆಕ್ಕ ಅದು. ಟ್ರ್ಯಾಕ್ ದಿನಕ್ಕೆ, ಅಂದರೆ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು, ಬಂದವರಿಗೆ ಆ ಅನುಕೂಲವಿಲ್ಲ, ಆದರೆ ಅಂಥ ಉದ್ದನೆಯ ತಿರುವೊಂದರಲ್ಲಿ ಪ್ರತಿ ಲ್ಯಾಪಿನಲ್ಲೂ ಪೂರ್ತಿ ತುದಿಗೆ ಹೋಗಬೇಕೆಂಬ ನಿರ್ಬಂಧವೂ ಅವರಿಗಿಲ್ಲ. ಆ ಒಂದು ಜಾಗದಲ್ಲಿ ತುಸು ತಗ್ಗಿ ನಡೆದರೆ ಎಡ ಟೈರಿಗೆ ಸಿಗುವ ವಿರಾಮ ದೊಡ್ಡದು.

ಈಗ ಹೆದ್ದಾರಿಯ ಮಾತು. ನೆಗೆಟಿವ್ ಕ್ಯಾಂಬರ್ ಹೆಚ್ಚಿಸಿಕೊಂಡು ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೊರಟವರು, ನೇರ ರಸ್ತೆಯಲ್ಲಿ ಒಳ ಅಂಚು ಸವೆಯುತ್ತದೆಂದು ಕ್ಯಾಂಬರನ್ನೇ ದೂರುತ್ತಾರೆ. ಕ್ಯಾಂಬರಿನ ಪಾಲು ಇಲ್ಲದಿಲ್ಲ, ಆದರೆ ನಿಜವಾದ ಹಾನಿ ಮಾಡುವುದು ಟೋ, ಅಂದರೆ ಎರಡು ಚಕ್ರಗಳ ಮೂಗುಗಳು ಪರಸ್ಪರ ಒಳಕ್ಕೋ ಹೊರಕ್ಕೋ ತಿರುಗಿರುವುದು. ಟೋ ಇದ್ದರೆ ಚಕ್ರ ಉರುಳುವ ಪ್ರತಿ ಮೀಟರಿನಲ್ಲೂ ಒಂದಿಷ್ಟು ಅಡ್ಡಕ್ಕೆ ಉಜ್ಜುತ್ತಲೇ ಇರುತ್ತದೆ, ಕ್ಯಾಂಬರಿನಿಂದಾಗಿ ಆ ಉಜ್ಜುವಿಕೆಯೆಲ್ಲ ಒಳ ಅಂಚಿನ ಮೇಲೆ ಬೀಳುತ್ತದೆ. ಇದಲ್ಲದೆ, ಕ್ಯಾಂಬರ್ ಬದಲಿಸಿದಾಗ ಟೋ ಕೂಡ ತನ್ನಷ್ಟಕ್ಕೆ ಬದಲಾಗುತ್ತದೆ. ಬೋಲ್ಟ್ ಸಡಿಲಿಸಿ ಕ್ಯಾಂಬರ್ ಮಾತ್ರ ತಿದ್ದಿ, ಟೋ ಅಳೆಸದೆ ನೂರಾರು ಕಿಲೋಮೀಟರ್ ಓಡಿಸಿದರೆ ಒಳ ಅಂಚು ಟ್ರ್ಯಾಕ್ ತಲುಪುವ ಮುಂಚೆಯೇ ಸಾಕಷ್ಟು ಸವೆದಿರಬಹುದು. ದೂರ ಓಡಿಸಿಕೊಂಡು ಹೋಗುವ ಕಾರಿನಲ್ಲಿ ಮುಂಭಾಗದ ಟೋ ಸೊನ್ನೆಗೆ ಹತ್ತಿರವಿರುವುದು, ಹಿಂಭಾಗದಲ್ಲಿ ಸ್ಥಿರತೆಗಾಗಿ ಅತ್ಯಲ್ಪ ಟೋ-ಇನ್ ಇರುವುದು ಒಳ್ಳೆಯದು. ಅನುಕೂಲವಿರುವವರು ರಸ್ತೆಗೊಂದು, ಟ್ರ್ಯಾಕಿಗೊಂದು ಎಂದು ಎರಡು ಜೊತೆ ಚಕ್ರ ಇಟ್ಟುಕೊಂಡರೆ ಈ ಚಿಂತೆಯ ಬಹುಪಾಲು ತಪ್ಪುತ್ತದೆ.

ಗಾಳಿಯ ಒತ್ತಡದ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು: ಟ್ರ್ಯಾಕಿನಲ್ಲಿ ಲೆಕ್ಕಕ್ಕೆ ಬರುವುದು ಟೈರು ಬಿಸಿಯಾದಾಗಿನ ಒತ್ತಡ. ಬೆಳಿಗ್ಗೆ ಟೈರಿನೊಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ 28 ಪಿಎಸ್‌ಐ ತುಂಬಿಸಿದರೆ, ಕೆಲವು ಲ್ಯಾಪುಗಳ ನಂತರ ಆ ಗಾಳಿ 80 ಡಿಗ್ರಿ ಮುಟ್ಟಿದಾಗ ಒತ್ತಡ ಸುಮಾರು 35 ಪಿಎಸ್‌ಐಗೆ ಏರಿರುತ್ತದೆ. ರಸ್ತೆಗೆ ಹೇಳಿದ 33 ಅಥವಾ 35 ಪಿಎಸ್‌ಐ ತುಂಬಿಸಿಕೊಂಡೇ ಟ್ರ್ಯಾಕಿಗೆ ಇಳಿದವರ ಟೈರು 40 ದಾಟಿ ಉಬ್ಬಿ, ನೆಲ ಮುಟ್ಟುವ ಜಾಗ ಕಿರಿದಾಗಿ, ನಡುಭಾಗ ಬೇಗ ಸವೆದು, ಜಾರುವಿಕೆ ಹೆಚ್ಚುತ್ತದೆ. ಒತ್ತಡ ತೀರಾ ಕಡಿಮೆಯಾದರೂ ಕೆಡುಕೇ. ಟೈರಿನ ಬದಿ ಮಡಚಿ, ಹೊರ ಅಂಚು ನೆಲಕ್ಕೆ ಒರಗಿ, ಒಳಗಿನ ಪದರಗಳು ಅತಿಯಾಗಿ ಕಾದು ಟೈರಿನ ದೇಹವೇ ಹಾಳಾಗಬಹುದು. ಯಾವ ಬಿಸಿ ಒತ್ತಡ ಸರಿ ಎಂಬುದು ಟೈರಿನ ಮಾದರಿಗೂ ಕಾರಿನ ತೂಕಕ್ಕೂ ತಕ್ಕಂತೆ ಬದಲಾಗುತ್ತದೆ, ತಯಾರಕರು ಸೂಚಿಸಿದ ಮೌಲ್ಯದಿಂದ ಆರಂಭಿಸುವುದು ಕ್ಷೇಮ. ಟೈರಿನ ಬದಿ ಎಷ್ಟು ಮಡಚುತ್ತಿದೆ ಎಂದು ತಿಳಿಯಲು, ಟ್ರೆಡ್ಡಿನ ಅಂಚಿನಿಂದ ಬದಿಯ ಕಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಕೆಲವು ಲ್ಯಾಪುಗಳ ನಂತರ ಅದು ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಬಹುದು. ಸಂಜೆ ಮನೆಗೆ ಹೊರಡುವ ಮುನ್ನ ಟೈರು ತಣ್ಣಗಾದ ಮೇಲೆ ಮತ್ತೆ ರಸ್ತೆಯ ಒತ್ತಡಕ್ಕೆ ಗಾಳಿ ತುಂಬಿಸುವುದನ್ನು ಮರೆಯಲೇಬಾರದು.

ಕ್ಯಾಂಬರ್ ಮತ್ತು ಒತ್ತಡ ಸರಿಯಿವೆಯೇ ಎಂದು ಊಹಿಸಬೇಕಾಗಿಲ್ಲ, ಅಳೆಯಬಹುದು. ರಬ್ಬರಿನೊಳಗೆ ಚುಚ್ಚಿ ಅಳೆಯುವ ಸೂಜಿ ಥರ್ಮಾಮೀಟರಿನಿಂದ, ವೇಗದ ಲ್ಯಾಪ್ ಮುಗಿಸಿ ಪಿಟ್ಟಿಗೆ ಬಂದ ಕೂಡಲೇ, ಪ್ರತಿ ಟೈರಿನ ಒಳ ಅಂಚು, ನಡುಭಾಗ, ಹೊರ ಅಂಚು ಹೀಗೆ ಮೂರು ಕಡೆ ಉಷ್ಣತೆ ನೋಡಬೇಕು. ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈಯನ್ನಷ್ಟೇ ತೋರಿಸುತ್ತದೆ, ಮೇಲ್ಮೈ ಕೆಲವೇ ಕ್ಷಣಗಳಲ್ಲಿ ಆರಿಬಿಡುತ್ತದೆ. ಹೊರ ಅಂಚು ಒಳ ಅಂಚಿಗಿಂತ ಬಿಸಿಯಿದ್ದರೆ ಕ್ಯಾಂಬರ್ ಸಾಲದು. ಒಳ ಅಂಚು ಹೊರಗಿನದಕ್ಕಿಂತ ಐದರಿಂದ ಹತ್ತು ಡಿಗ್ರಿ ಬಿಸಿಯಿದ್ದರೆ ಸರಿಯಾಗಿದೆ, ಏಕೆಂದರೆ ನೇರದಲ್ಲಿ ಓಡುವಾಗಲೂ ಒಳ ಅಂಚು ದುಡಿಯುತ್ತಿರುತ್ತದೆ. ನಡುಭಾಗ ಎರಡೂ ಅಂಚುಗಳಿಗಿಂತ ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ, ತಂಪಿದ್ದರೆ ಕಡಿಮೆಯಾಗಿದೆ. ಪ್ರತಿ ಟ್ರ್ಯಾಕ್ ದಿನದ ಈ ಅಂಕಿಗಳನ್ನು, ಆ ದಿನದ ಹವೆ ಮತ್ತು ಒತ್ತಡದೊಂದಿಗೆ, ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಉಷ್ಣತೆಯಲ್ಲಿ ಇಂದು ಕಂಡ ವ್ಯತ್ಯಾಸವೇ ಮುಂದೆ ಸವೆತದ ವ್ಯತ್ಯಾಸವಾಗುತ್ತದೆ, ಆದ್ದರಿಂದ ಟೈರು ಕೆಡುವ ಮುನ್ನವೇ ತಿದ್ದಿಕೊಳ್ಳುವ ಅವಕಾಶ ಇದರಿಂದ ಸಿಗುತ್ತದೆ.

ಟೈರಿನ ಮೇಲ್ಮೈ ಕೂಡ ಬಹಳಷ್ಟನ್ನು ಹೇಳುತ್ತದೆ. ಟೈರು ಸರಿಯಾಗಿ ಕಾಯುವ ಮುನ್ನವೇ ಅದನ್ನು ಜಾರಿಸಿದರೆ ರಬ್ಬರು ಎಳೆಎಳೆಯಾಗಿ ಹರಿದು ಮೇಲ್ಮೈ ಗುಳ್ಳೆಗಟ್ಟಿದ ಕಾಗದದಂತೆ ಒರಟಾಗುತ್ತದೆ. ಅದಕ್ಕೆ ವಿರುದ್ಧವಾಗಿ ಒಳಪದರ ಅತಿಯಾಗಿ ಕಾದರೆ ಬೊಬ್ಬೆ ಎದ್ದು ತುಂಡುಗಳೇ ಕಿತ್ತುಬರುತ್ತವೆ. ಆದ್ದರಿಂದ ಮೊದಲ ಒಂದೆರಡು ಲ್ಯಾಪುಗಳಲ್ಲಿ ವೇಗವನ್ನು ಹಂತಹಂತವಾಗಿ ಏರಿಸಬೇಕು, ಒಂದು ಸಲದ ಓಟವನ್ನು ಹದಿನೈದು ಇಪ್ಪತ್ತು ನಿಮಿಷಕ್ಕೆ ಸೀಮಿತಗೊಳಿಸಬೇಕು, ಕೊನೆಯ ಲ್ಯಾಪನ್ನು ಟೈರು ತಣ್ಣಗಾಗಿಸುವುದಕ್ಕೇ ಮೀಸಲಿಡಬೇಕು. ದಕ್ಷಿಣದ ಬೇಸಿಗೆಯಲ್ಲಿ ಡಾಂಬರಿನ ಮೇಲ್ಮೈ 50 ಡಿಗ್ರಿಯನ್ನು ಸುಲಭವಾಗಿ ದಾಟುವುದರಿಂದ, ಬೆಳಗಿನ ತಂಪಿನಲ್ಲಿ ಹೆಚ್ಚು ಓಡಿಸಿ ಮಧ್ಯಾಹ್ನ ಕೈ ತಡೆಯುವುದು ಜಾಣತನ.

ಹೊಸ ಟೈರನ್ನು ಪಳಗಿಸುವುದೂ ಮುಖ್ಯ. ಮೊದಲ ಬಾರಿ ಅದನ್ನು ಮಿತವಾದ ವೇಗದಲ್ಲಿ ಎಲ್ಲ ಕಡೆ ಸಮನಾಗಿ ಬಿಸಿಮಾಡಿ, ಆಮೇಲೆ ಒಂದು ದಿನವಾದರೂ ಬಳಸದೆ ಬಿಟ್ಟರೆ, ಬಿಸಿಗೆ ಸಡಿಲಗೊಂಡ ರಬ್ಬರಿನ ಅಣುಬಂಧಗಳು ಮತ್ತೆ ಸಮವಾಗಿ ಕೂಡಿಕೊಳ್ಳುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದ ಕ್ರಮ. ಹಾಗೆಯೇ, 7–8 ಮಿಲಿಮೀಟರ್ ಆಳದ ಟ್ರೆಡ್ ಇರುವ ಹೊಸ ರಸ್ತೆ ಟೈರನ್ನು ನೇರವಾಗಿ ಟ್ರ್ಯಾಕಿಗೆ ಇಳಿಸುವುದು ಒಳ್ಳೆಯದಲ್ಲ. ಎತ್ತರದ ಟ್ರೆಡ್ ಗಟ್ಟಿಗಳು ಅತ್ತಿತ್ತ ಬಳುಕಿ ಬೇಗ ಕಾದು ಚೂರಾಗುತ್ತವೆ. ಅರ್ಧ ಸವೆದ ರಸ್ತೆ ಟೈರು ಒಣ ಟ್ರ್ಯಾಕಿನಲ್ಲಿ ಹೊಸದಕ್ಕಿಂತ ಚೆನ್ನಾಗಿ ತಡೆಯುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಮಾಡಿದರೂ ಸವೆತ ಪೂರ್ತಿ ಸಮವಾಗದು, ಉಳಿದ ವ್ಯತ್ಯಾಸವನ್ನು ಟೈರಿನ ಜಾಗ ಬದಲಿಸಿ ಸರಿದೂಗಿಸಬೇಕು. ನಾಲ್ಕೂ ಟೈರು ಒಂದೇ ಅಳತೆಯವಾಗಿದ್ದರೆ ಹಿಂದಿನವನ್ನು ಮುಂದಕ್ಕೆ ತರಬಹುದು. ಆದರೆ ಇಂದಿನ ಪೋರ್ಷೆ 911 ಜಿಟಿ3ಯಂಥ ಕಾರಿನಲ್ಲಿ ಮುಂದೆ 255, ಹಿಂದೆ 315 ಮಿಲಿಮೀಟರ್ ಅಗಲದ ಟೈರುಗಳಿರುವುದರಿಂದ ಆ ದಾರಿ ಮುಚ್ಚಿದೆ, ಎಡ ಬಲ ಬದಲಾವಣೆಯೊಂದೇ ಉಳಿಯುತ್ತದೆ. ಹಾಗೆ ಬದಲಿಸಿದಾಗಲೂ ಸವೆದ ಹೊರ ಅಂಚು ಹೊರಗೇ ಇರುತ್ತದೆ. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ: ಟೈರನ್ನು ರಿಮ್ಮಿನಿಂದ ಕಳಚಿ, ಒಳಹೊರಗು ಮಾಡಿ ಮತ್ತೆ ಕೂರಿಸಿ, ಆ ಚಕ್ರವನ್ನು ಕಾರಿನ ಇನ್ನೊಂದು ಬದಿಗೆ ಹಾಕಿದರೆ ತಿರುಗುವ ದಿಕ್ಕೂ ಸರಿಯಾಗಿಯೇ ಉಳಿಯುತ್ತದೆ, ಸವೆದ ಅಂಚೂ ಒಳಬದಿಗೆ ಬರುತ್ತದೆ. ಹೊರಬದಿ ಯಾವುದೆಂದು ಬದಿಯ ಮೇಲೆ ಅಚ್ಚೊತ್ತಿರುವ ಟೈರುಗಳನ್ನು ಮಾತ್ರ ಹೀಗೆ ತಿರುಗಿಸಬಾರದು. ಅವುಗಳ ಎರಡು ಅಂಚುಗಳ ವಿನ್ಯಾಸವೇ ಬೇರೆ ಬೇರೆ ಕೆಲಸಕ್ಕಾಗಿ ಆಗಿರುತ್ತದೆ. ಈ ಕೆಲಸ ಅಂಚು ಪೂರ್ತಿ ಬೋಳಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ, ಅರ್ಧ ಸವೆಯುವ ಹೊತ್ತಿಗೇ ಮಾಡಿಸಬೇಕು.

ಟೈರಿನ ಬದಿಯಲ್ಲಿ ಕಾಣುವ ಟ್ರೆಡ್‌ವೇರ್ ಸಂಖ್ಯೆಯ ಬಗ್ಗೆ ಅನೇಕರಿಗೆ ಅತಿಯಾದ ನಂಬಿಕೆಯಿದೆ. ಅಮೆರಿಕದ ಪದ್ಧತಿಯಂತೆ ಸಾರ್ವಜನಿಕ ರಸ್ತೆಯಲ್ಲಿ 7,200 ಮೈಲಿ, ಅಂದರೆ ಸುಮಾರು 11,600 ಕಿಲೋಮೀಟರ್ ಓಡಿಸಿ, ಮಾದರಿ ಟೈರೊಂದಕ್ಕೆ ಹೋಲಿಸಿ ಕೊಡುವ ಸಂಖ್ಯೆ ಅದು. ಅಂತಿಮ ಅಂಕೆಯನ್ನು ನಮೂದಿಸುವವರು ತಯಾರಕರೇ ಆದ್ದರಿಂದ, ಒಂದು ಕಂಪನಿಯ 200ನ್ನು ಇನ್ನೊಂದರ 200ರೊಂದಿಗೆ ನೇರವಾಗಿ ಹೋಲಿಸಲಾಗದು. ಟ್ರ್ಯಾಕಿನ ಶಾಖವನ್ನು ಟೈರು ಹೇಗೆ ತಡೆಯುತ್ತದೆ ಎಂಬುದರ ಬಗ್ಗೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ರಸ್ತೆಗೆಂದೇ ಮಾಡಿದ 400ರ ಟೈರು ಟ್ರ್ಯಾಕಿನಲ್ಲಿ ಅತಿಯಾಗಿ ಕಾದು, ಅದಕ್ಕೆಂದೇ ಮಾಡಿದ 200ರ ಟೈರಿಗಿಂತ ಬೇಗ ಹಾಳಾಗುವುದುಂಟು.

ಬಳಸದ ದಿನಗಳಲ್ಲಿ ಟ್ರ್ಯಾಕ್ ಟೈರುಗಳನ್ನು ಬಿಸಿಲು ತಾಗದ, ತಂಪಾದ, ಒಣ ಜಾಗದಲ್ಲಿ ಮುಚ್ಚಿಡಬೇಕು. ಬದಿಯಲ್ಲಿರುವ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಅಗ್ಗವೆಂದು ಹಳೆಯ ದಾಸ್ತಾನು ಕೊಳ್ಳುವವರು ಟ್ರೆಡ್ಡಿನ ಆಳವನ್ನಷ್ಟೇ ನೋಡದೆ ಇದನ್ನೂ ಓದಬೇಕು, ವಯಸ್ಸಾದ ರಬ್ಬರು ಗಟ್ಟಿಯಾಗಿ ಜಾರುತ್ತದೆ.

ಉಳಿಸುವುದಕ್ಕೂ ಒಂದು ಗಡಿಯಿದೆ, ಆ ವಿಷಯದಲ್ಲಿ ರಾಜಿ ಸಲ್ಲದು. ಟೈರಿನ ಯಾವುದೇ ಮೂಲೆಯಲ್ಲಿ ದಾರದ ಪದರ ಕಂಡರೆ ಅದು ಇನ್ನೊಂದು ಲ್ಯಾಪಿಗೂ ಯೋಗ್ಯವಲ್ಲ. ನಮ್ಮ ದೇಶದಲ್ಲಿ ಕಾರಿನ ಟೈರಿಗೆ ಕಾನೂನು ನಿಗದಿಪಡಿಸಿದ ಕನಿಷ್ಠ ಟ್ರೆಡ್ ಆಳ 1.6 ಮಿಲಿಮೀಟರ್, ಆದರೆ ಮೊದಲೇ ಕಡಿಮೆ ಗೀರುಗಳಿರುವ ಸೆಮಿ-ಸ್ಲಿಕ್ ಟೈರು ಆ ಗಡಿಗೆ ಬರುವ ಬಹಳ ಮುಂಚೆಯೇ ನೀರನ್ನು ಹೊರತಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಸವೆದ ಅಂಥ ಟೈರಿನಲ್ಲಿ ಮಳೆಯ ಹೆದ್ದಾರಿಗೆ ಇಳಿದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲೂ ಕಾರು ನೀರಿನ ಮೇಲೆ ತೇಲಿಬಿಡಬಹುದು. ಹಿಂಗಾರು ಮಳೆಯ ತಿಂಗಳುಗಳಲ್ಲಿ ಚೆನ್ನೈ ಕಡೆಯ ಟ್ರ್ಯಾಕಿಗೆ ಹೋಗುವವರು ಮರಳುವ ದಾರಿಗೆಂದು ರಸ್ತೆ ಟೈರುಗಳನ್ನು ಜೊತೆಗೆ ಒಯ್ಯಬೇಕು, ಇಲ್ಲವೇ ಕಾರನ್ನು ಟ್ರೈಲರಿನ ಮೇಲೆ ತರಿಸಬೇಕು. ಎರಡೂ ಆಗದಿದ್ದರೆ ಮಳೆ ನಿಂತು ರಸ್ತೆಯ ನೀರು ಹರಿದುಹೋಗುವವರೆಗೆ ಹೊರಡಬಾರದು.